ಪದವಿಯಿಂದ ಕಂಪನಿಯವರೆಗೆ: ಕೋಡ್ ಯಾರದು, ಷೇರು ಯಾರದು, ದುಡ್ಡು ಬರುವುದು ಯಾವಾಗ?

2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು ಮಂದಿಯನ್ನು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು, ಕಡಿಮೆ ಮಾಡುವುದಾಗಿ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಹೊಸ ಸ್ಟಾರ್ಟ್‌ಅಪ್ ನೀತಿಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷದಲ್ಲಿ 25 ಸಾವಿರ ಹೊಸ ಸ್ಟಾರ್ಟ್‌ಅಪ್‌ಗಳು, ಅದರಲ್ಲಿ 10 ಸಾವಿರ ಬೆಂಗಳೂರಿನ ಹೊರಗೆ, ಇದಕ್ಕೆಲ್ಲ 518.27 ಕೋಟಿ ರೂಪಾಯಿ. ಇದಕ್ಕೂ ಹಿಂದಿನ ವರ್ಷ, 2024ರ ಜುಲೈನಲ್ಲಿ, ಕನ್ನಡದಲ್ಲೂ ಬರೆಯಲು ಅವಕಾಶ ಕೊಟ್ಟು ಹೆಸರಾಗಿದ್ದ ಬೆಂಗಳೂರಿನ ಸಾಮಾಜಿಕ ಜಾಲತಾಣ ‘ಕೂ’ ಬಾಗಿಲು ಹಾಕಿತ್ತು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೊಂದಲವಾಗುವುದು ಸಹಜ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಮಗಳಿಗೋ ಮಗನಿಗೋ ಮನೆಯವರು ಏನು ಹೇಳಬೇಕು? ನೌಕರಿ ಗಟ್ಟಿಯಲ್ಲ ಎಂದಾದರೆ ಸ್ವಂತ ಕಂಪನಿ ಗಟ್ಟಿಯೇ? ಕೋಟಿಗಟ್ಟಲೆ ಬಂಡವಾಳ ಬಂದ ಕಂಪನಿ ಮುಚ್ಚುವುದು ಹೇಗೆ? ನೂರಾರು ಕೋಟಿಗೆ ಮಾರಾಟವಾದ ಕಂಪನಿಯ ಸ್ಥಾಪಕರಿಗೆ ಬಿಡಿಗಾಸೂ ಸಿಗಲಿಲ್ಲ ಎಂಬ ಸುದ್ದಿ ಆಗಾಗ ಬರುತ್ತದಲ್ಲ, ಅದರ ಲೆಕ್ಕವೇನು?

ಇಂಥ ಪ್ರಶ್ನೆಗಳಿಗೆ ವೇದಿಕೆಗಳ ಮೇಲೆ ಸಿಗುವ ಉತ್ತರ ಧೈರ್ಯ, ಕನಸು, ಛಲ. ಅದರಿಂದ ಯಾರಿಗೂ ದಾರಿ ಕಾಣುವುದಿಲ್ಲ. ಕೋಡ್ ಬರೆಯಲು ಬರುವ ಹುಡುಗ ಹುಡುಗಿಯರು ಉದ್ಯಮಕ್ಕಿಳಿದು ಎಡವುವುದು ಕೋಡ್‌ನಲ್ಲಿ ಕಡಿಮೆ, ಕಾಗದಪತ್ರದಲ್ಲಿ ಮತ್ತು ಹಣ ಕೈಸೇರುವ ಹೊತ್ತಿನ ಲೆಕ್ಕದಲ್ಲಿ ಹೆಚ್ಚು.

ಮೂರು ಬಗೆಯ ಕಂಪನಿ, ಮೂರು ಬಗೆಯ ಲೆಕ್ಕ

‘ಸಾಫ್ಟ್‌ವೇರ್ ಕಂಪನಿ’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ. ಇನ್ಫೊಸಿಸ್ 1981ರಲ್ಲಿ ಪುಣೆಯಲ್ಲಿ ಶುರುವಾದಾಗ ಬಂಡವಾಳ 10 ಸಾವಿರ ರೂಪಾಯಿ. ಕಟ್ಟಿದವರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಬಿಟ್ಟು ಬಂದವರು, ಕಾಲೇಜಿನಿಂದ ನೇರ ಬಂದವರಲ್ಲ. ನಾರಾಯಣ ಮೂರ್ತಿಯವರು ಅದಕ್ಕೂ ಮೊದಲು ಇನ್ನೊಂದು ಕಂಪನಿ ಮಾಡಿ, ಅದು ನಡೆಯದೆ ಕೈಬಿಟ್ಟಿದ್ದರು. 1993ರಲ್ಲಿ ತಲಾ 95 ರೂಪಾಯಿಗೆ ಷೇರು ಬಿಟ್ಟಾಗ ಜನ ಪೂರ್ತಿ ಕೊಳ್ಳಲಿಲ್ಲ, ಉಳಿದದ್ದನ್ನು ಮಾರ್ಗನ್ ಸ್ಟ್ಯಾನ್ಲಿ ಎತ್ತಿಕೊಂಡಿತು. ಶುರುವಾಗಿ ಆಗಲೇ ಹನ್ನೆರಡು ವರ್ಷವಾಗಿತ್ತು. ಇದು ಸೇವೆಯ ಮಾದರಿ: ಎಂಜಿನಿಯರ್‌ಗಳ ಸಮಯವನ್ನು ಗ್ರಾಹಕರಿಗೆ ಮಾರುವುದು. ಮೊದಲ ಬಿಲ್‌ನಿಂದಲೇ ಹಣ ಬರುತ್ತದೆ, ಆದರೆ ಆದಾಯ ದುಪ್ಪಟ್ಟಾಗಬೇಕಾದರೆ ಜನರೂ ಹತ್ತಿರ ಹತ್ತಿರ ದುಪ್ಪಟ್ಟಾಗಬೇಕು.

ಎರಡನೆಯದು ಹೊರಗಿನ ಬಂಡವಾಳವಿಲ್ಲದೆ ಸ್ವಂತ ಉತ್ಪನ್ನ ಮಾರುವುದು. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಶುರುವಾದ ಜೋಹೊ ಮೊದಲು ನೆಟ್‌ವರ್ಕ್ ನಿರ್ವಹಣೆಯ ತಂತ್ರಾಂಶ ಮಾರುತ್ತಿತ್ತು. ಆ ಲಾಭದಲ್ಲೇ ಮುಂದಿನ ಉತ್ಪನ್ನಗಳನ್ನು ಕಟ್ಟಿಕೊಂಡು ಬಂತು. ಬೆಳವಣಿಗೆ ನಿಧಾನ, ಮಾಲೀಕತ್ವ ಪೂರ್ತಿ ಕೈಯಲ್ಲಿ.

ಮೂರನೆಯದು ವೆಂಚರ್ ಬಂಡವಾಳದ ಮಾದರಿ, ಅಂದರೆ ಪಾಲು ಪಡೆದು ಹಣ ಹಾಕುವ ಫಂಡ್‌ಗಳ ದುಡ್ಡಿನಲ್ಲಿ ಬೆಳೆಯುವುದು. ದಿಲ್ಲಿ ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಅಮೆಜಾನ್‌ನಲ್ಲಿ ಕೆಲಸ ಮಾಡಿದ್ದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದರು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಸುಮಾರು ಶೇ 77ರಷ್ಟು ಪಾಲು ಕೊಂಡಾಗ ಸಚಿನ್ ಅವರ ಬಳಿ ಉಳಿದಿದ್ದ ಪಾಲು ಶೇ 5–6ರ ಆಸುಪಾಸು. ಅಷ್ಟೇ ಪಾಲು ಸುಮಾರು 100 ಕೋಟಿ ಡಾಲರ್ ಬಾಳಿತು ಎನ್ನುವುದು ಬೇರೆ ಮಾತು.

ಈ ಮೂರನೆಯ ಮಾದರಿಯನ್ನು ಅರ್ಥ ಮಾಡಿಕೊಳ್ಳದಿದ್ದರೆ ‘ಕೂ’ ಮುಚ್ಚಿದ್ದು ಅರ್ಥವಾಗುವುದಿಲ್ಲ. ವೆಂಚರ್ ಫಂಡ್ ಎನ್ನುವುದು ಬೇರೆಯವರ ಹಣ, ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಲಾಭ ಸಮೇತ ಹಿಂದಿರುಗಿಸಬೇಕು. ಇಪ್ಪತ್ತು ಮೂವತ್ತು ಕಂಪನಿಗಳಿಗೆ ಹಾಕಿದರೆ ಹೆಚ್ಚಿನವು ನಷ್ಟವಾಗುತ್ತವೆ ಎಂಬುದು ಅವರಿಗೆ ಮೊದಲೇ ಗೊತ್ತು. ಒಂದೆರಡು ಕಂಪನಿಗಳು ಇಡೀ ಫಂಡ್‌ನ ನಷ್ಟವನ್ನು ತುಂಬಿಕೊಡಬೇಕು. ಹೀಗಾಗಿ ವರ್ಷಕ್ಕೆ ಐದು ಕೋಟಿ ಲಾಭ ಮಾಡುತ್ತ ನೆಮ್ಮದಿಯಾಗಿರುವ ಕಂಪನಿ ಸ್ಥಾಪಕರಿಗೆ ಗೆಲುವು, ಫಂಡ್‌ಗೆ ಸೋಲು. ‘ಕೂ’ವಿನಂಥ ಸಾಮಾಜಿಕ ಜಾಲತಾಣದ ಸ್ಥಿತಿ ಇನ್ನೂ ನಾಜೂಕು: ಬಳಕೆದಾರರು ಕೋಟಿಗಳಲ್ಲಿ ಸೇರುವವರೆಗೆ ಜಾಹೀರಾತಿನ ಆದಾಯವಿಲ್ಲ, ಸರ್ವರ್ ಖರ್ಚು ಮಾತ್ರ ಮೊದಲ ದಿನದಿಂದಲೇ. 2022ರಿಂದ ಹೂಡಿಕೆ ಬತ್ತಿತು, ವಿಲೀನದ ಮಾತುಕತೆಗಳು ಮುರಿದುಬಿದ್ದವು, ಕಂಪನಿ ನಿಂತಿತು. ಅದರ ಸಹಸ್ಥಾಪಕ ಅಪ್ರಮೇಯ ರಾಧಾಕೃಷ್ಣ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಇನ್ಫೊಸಿಸ್‌ನಲ್ಲಿ ದುಡಿದು, ಟ್ಯಾಕ್ಸಿಫಾರ್‌ಶ್ಯೂರ್ ಕಟ್ಟಿ 2015ರಲ್ಲಿ ಓಲಾಕ್ಕೆ ಸುಮಾರು 20 ಕೋಟಿ ಡಾಲರ್‌ಗೆ ಮಾರಿದವರು. ಮೊದಲಿನದು ಫಲಿಸಿತ್ತು, ಇದು ಫಲಿಸಲಿಲ್ಲ. ಅನುಭವ ಇದ್ದವರೂ ಮಾದರಿಯ ಲೆಕ್ಕದಿಂದ ತಪ್ಪಿಸಿಕೊಳ್ಳಲಾರರು.

ಈಗಲೇ ಶುರುಮಾಡಲೇ, ನಾಲ್ಕು ವರ್ಷ ದುಡಿಯಲೇ?

ಕಾಲೇಜು ಬಿಟ್ಟ ಕೂಡಲೇ ಶುರುಮಾಡಿ ಎನ್ನುವವರ ವಾದದಲ್ಲಿ ಹುರುಳಿದೆ. ಸಂಸಾರವಿಲ್ಲ, ಗೃಹಸಾಲದ ಕಂತಿಲ್ಲ, ತಿಂಗಳಿಗೆ ಹದಿನೈದು ಸಾವಿರದಲ್ಲಿ ಬದುಕಬಹುದು. ಸೋತರೂ ಇಪ್ಪತ್ತೈದಕ್ಕೆ ಮತ್ತೆ ಕೆಲಸಕ್ಕೆ ಸೇರಬಹುದು. ಎಐ ಸಾಧನಗಳಿಂದ ಹಿಂದೆ ಐದು ಜನ ಮಾಡುತ್ತಿದ್ದುದನ್ನು ಇಬ್ಬರು ಮಾಡಬಹುದು.

ಎದುರು ವಾದವೂ ಅಷ್ಟೇ ಗಟ್ಟಿ. ಅಮೆರಿಕದ ಜನಗಣತಿ ಇಲಾಖೆಯ ದತ್ತಾಂಶ ಹಿಡಿದು ಅರ್ಥಶಾಸ್ತ್ರಜ್ಞರು ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪನಿ ಶುರುಮಾಡುವವರ ಸರಾಸರಿ ವಯಸ್ಸು ಸುಮಾರು 42. ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಂಥ ಕಂಪನಿಗಳನ್ನು ಮಾತ್ರ ಎಣಿಸಿದರೆ 45. ಅಮೆರಿಕದ ಲೆಕ್ಕ ನಮ್ಮಲ್ಲಿ ಯಥಾವತ್ ನಡೆಯದಿರಬಹುದು, ಆದರೆ ‘ಇಪ್ಪತ್ತೆರಡರ ಹುಡುಗನೇ ಗೆಲ್ಲುವವನು’ ಎಂಬ ನಂಬಿಕೆಗೆ ಅದು ಚೆನ್ನಾಗಿಯೇ ಪೆಟ್ಟು ಕೊಡುತ್ತದೆ.

ಕಾರಣ ಹುಡುಕುವುದು ಕಷ್ಟವಿಲ್ಲ. ಹೊಸ ಪದವೀಧರರಿಗೆ ಗೊತ್ತಿರುವ ಸಮಸ್ಯೆಗಳು ಹೊಸ ಪದವೀಧರರ ಸಮಸ್ಯೆಗಳೇ: ಹಾಸ್ಟೆಲ್ ಊಟ, ರೂಮ್ ಹುಡುಕಾಟ, ನೋಟ್ಸ್ ಹಂಚಿಕೆ, ಇಂಟರ್ನ್‌ಶಿಪ್. ಹಣ ಕೊಡಲು ಶಕ್ತಿಯಿಲ್ಲದ ಗ್ರಾಹಕರಿಗಾಗಿ ಸಾವಿರಾರು ಮಂದಿ ಒಂದೇ ಆ್ಯಪ್ ಕಟ್ಟುತ್ತಾರೆ. ಅದೇ ವ್ಯಕ್ತಿ ನಾಲ್ಕು ವರ್ಷ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದ ತಂತ್ರಾಂಶದಲ್ಲಿ ಕೈಯಾಡಿಸಿದರೆ, ಯಾವ ಕೆಲಸಕ್ಕೆ ಅವರು ವರ್ಷಕ್ಕೆ ಎಷ್ಟು ಲಕ್ಷ ಸುರಿಯುತ್ತಿದ್ದಾರೆ, ಖರೀದಿಗೆ ಸಹಿ ಹಾಕುವವರು ಯಾರು, ಬಜೆಟ್ ತೀರ್ಮಾನವಾಗುವುದು ಯಾವ ತಿಂಗಳಲ್ಲಿ ಎಂಬುದೆಲ್ಲ ಗೊತ್ತಾಗುತ್ತದೆ. ವಿದ್ಯಾರ್ಥಿಗೆ ಆ ಮಾಹಿತಿ ಎಲ್ಲೂ ಸಿಗದು. ಮೂರರಿಂದ ಆರು ವರ್ಷದ ನೌಕರಿಯನ್ನು ಕಾಲಹರಣ ಎಂದು ಹೀಗಳೆಯುವುದು ಅನ್ಯಾಯ.

ನೌಕರಿಯಲ್ಲಿದ್ದಾಗ ಬರೆದ ಕೋಡ್

ಆದರೆ ನೌಕರಿಯ ಹಾದಿಯಲ್ಲೊಂದು ಗುಂಡಿಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ (ಕವಿಗಳು ಬೇಸರಿಸಿಕೊಳ್ಳಬಾರದು). ನೌಕರಿಯ ಭಾಗವಾಗಿ ಬರೆದ ಕೃತಿಯ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ರಾತ್ರಿ ಮನೆಯಲ್ಲಿ ಬರೆದದ್ದು ನೌಕರಿಯ ಭಾಗವೇ ಅಲ್ಲವೇ ಎಂಬುದು ವಾದಕ್ಕೆ ಬಿಟ್ಟದ್ದು. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಕ್ಲೌಡ್ ಖಾತೆ, ಆಫೀಸಿನ ಎಐ ಸಾಧನದ ಲೈಸೆನ್ಸ್ ಬಳಸಿದ್ದರೆ ಆ ವಾದ ಬಹುಪಾಲು ಸೋತಂತೆಯೇ. ಎಷ್ಟೋ ನೇಮಕಾತಿ ಪತ್ರಗಳು ‘ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿದ ಯಾವುದೇ ಆವಿಷ್ಕಾರ’ ಎಂದು ಬಲೆಯನ್ನು ಇನ್ನೂ ಅಗಲ ಹರಡಿರುತ್ತವೆ.

ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಶುರುಮಾಡಬಾರದು ಎಂಬ ಷರತ್ತಿಗೆ ಮಾತ್ರ ಹೆದರಬೇಕಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ವೃತ್ತಿಯನ್ನು ತಡೆಯುವ ಕರಾರು ಊರ್ಜಿತವಲ್ಲ. ಕೆಲಸದಲ್ಲಿದ್ದಾಗಲೇ ಬೇರೆಡೆ ದುಡಿಯುವುದು ಬೇರೆ ವಿಷಯ: ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದರೆಂದು ವಿಪ್ರೊ 2022ರಲ್ಲಿ 300 ಮಂದಿಯನ್ನು ತೆಗೆದುಹಾಕಿತ್ತು. ಬಾಂಡ್ ಕೂಡ ಬೇರೆ ವಿಷಯ. ಮೂರು ವರ್ಷ ಮುಗಿಯುವ ಮುನ್ನ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ‘ಬಾಂಡ್‌ಗೆ ಬೆಲೆಯಿಲ್ಲ’ ಎಂಬ ಕ್ಯಾಂಟೀನ್ ಮಾತನ್ನು ನಂಬಿ ಹೊರಡಬೇಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಹೊರಗಿನ ಫ್ರೀಲಾನ್ಸರ್ ಬರೆದುಕೊಟ್ಟ ಕೋಡ್, ದುಡ್ಡು ಕೊಟ್ಟಿದ್ದೀರಿ ಎಂಬ ಕಾರಣಕ್ಕೇ ನಿಮ್ಮದಾಗುವುದಿಲ್ಲ. ಅವರು ನೌಕರರಲ್ಲ, ಹಾಗಾಗಿ ಹಕ್ಕು ಅವರಲ್ಲೇ ಉಳಿಯುತ್ತದೆ. ಲಿಖಿತ ವರ್ಗಾವಣೆ ಬೇಕು. ಬರೆಸುವಾಗಲೂ ಎಚ್ಚರ: ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಅವಧಿ ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಮಾತಿಲ್ಲದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ತಾನಾಗಿಯೇ ಬಿದ್ದುಹೋಗುತ್ತದೆ. ‘ಶಾಶ್ವತ, ಜಗತ್ತಿನಾದ್ಯಂತ, ಬಳಸದಿದ್ದರೂ ರದ್ದಾಗದು’ ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಸೇರಿಸದೆ ಅಮೆರಿಕದ ಖರೀದಿದಾರರ ಮುಂದೆ ಹೋದರೆ ಅವರ ವಕೀಲರು ಮೊದಲು ಕೇಳುವುದೇ ಆ ಸಾಲನ್ನು. ಕಂಪನಿ ನೋಂದಣಿಗೆ ಮುನ್ನ ಸ್ಥಾಪಕರೇ ಬರೆದ ಕೋಡ್‌ಗೂ ಇದೇ ಮಾತು: ಅದು ಅವರವರ ಸ್ವಂತದ್ದು, ಕಂಪನಿಗೆ ಬರೆದುಕೊಡಬೇಕು.

ಮುಕ್ತ ತಂತ್ರಾಂಶದ ಲೈಸೆನ್ಸ್‌ಗಳನ್ನೂ ಹೂಡಿಕೆದಾರರು ತಪಾಸಣೆ ಮಾಡಿಸುತ್ತಾರೆ. ಎಂಐಟಿ, ಅಪಾಚೆ ಲೈಸೆನ್ಸ್ ತೊಂದರೆ ಕೊಡವು. ಎಜಿಪಿಎಲ್ ಎಂಬ ಲೈಸೆನ್ಸ್ ಇದ್ದ ಲೈಬ್ರರಿಯನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನಿಮ್ಮ ಸರ್ವರ್ ಕೋಡ್‌ಗೆ ಬೆಸೆದಿದ್ದರೆ, ಆ ಸೇವೆ ಬಳಸುವವರಿಗೆಲ್ಲ ಮೂಲ ಕೋಡ್ ತೆರೆದಿಡಬೇಕಾಗಿ ಬರಬಹುದು.

ಇಷ್ಟೆಲ್ಲ ಸರಿಮಾಡಿಕೊಂಡವರೂ ಮರೆಯುವುದು ಖಾತೆಗಳನ್ನು. ಡೊಮೇನ್ ಹೆಸರು, ಕ್ಲೌಡ್‌ನ ರೂಟ್ ಖಾತೆ, ಗಿಟ್‌ಹಬ್, ಪ್ಲೇಸ್ಟೋರ್‌ನ ಡೆವಲಪರ್ ಖಾತೆ ನಾಲ್ಕೂ ಒಬ್ಬ ಗೆಳೆಯನ ಖಾಸಗಿ ಜಿಮೇಲ್‌ನಲ್ಲಿದ್ದು, ಆ ಗೆಳೆಯ ಮುನಿಸಿಕೊಂಡು ಹೊರಟರೆ, ಕಾನೂನಿನಲ್ಲಿ ಕಂಪನಿ ನಿಮ್ಮದು, ಕೀಲಿಕೈ ಅವನದು.

ನೋಂದಣಿ ಸುಲಭ, ಆಮೇಲಿನದು ಅಲ್ಲ

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಸಾಕು. ಡಿಜಿಟಲ್ ಸಹಿ ಮಾಡಿಸಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಸ್ಪೈಸ್ ಪ್ಲಸ್ ಅರ್ಜಿ ತುಂಬಿದರೆ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ ಒಟ್ಟಿಗೆ ಬರುತ್ತವೆ. ಅಧಿಕೃತ ಬಂಡವಾಳ 15 ಲಕ್ಷದೊಳಗಿದ್ದರೆ ಸಚಿವಾಲಯದ ನೋಂದಣಿ ಶುಲ್ಕವೂ ಇಲ್ಲ, ರಾಜ್ಯದ ಮುದ್ರಾಂಕ ಶುಲ್ಕ ಮತ್ತು ಸಿಎ ಫೀಸು ಮಾತ್ರ.

ಗಡಿಯಾರ ಓಡಲು ಶುರುವಾಗುವುದು ಅಲ್ಲಿಂದ. 30 ದಿನದೊಳಗೆ ಮೊದಲ ನಿರ್ದೇಶಕ ಮಂಡಳಿ ಸಭೆ ಮತ್ತು ಲೆಕ್ಕಪರಿಶೋಧಕರ ನೇಮಕ, 180 ದಿನದೊಳಗೆ ಷೇರು ಹಣ ಬ್ಯಾಂಕಿಗೆ ಬಂದಿದೆ ಎಂಬ ಘೋಷಣೆ. ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ ಒಂದು ನಮೂನೆಯಲ್ಲಿ, ವಾರ್ಷಿಕ ವರದಿ ಇನ್ನೊಂದರಲ್ಲಿ. ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ. ಒಂದು ರೂಪಾಯಿ ವ್ಯವಹಾರ ಮಾಡದಿದ್ದರೂ ಇವು ತಪ್ಪಿದ್ದಲ್ಲ. ಐಡಿಯಾ ಹೊಳೆದ ದಿನವೇ ಕಂಪನಿ ನೋಂದಾಯಿಸುವ ಹುರುಪಿಗೆ ಇದೇ ದಂಡ. ಮೊದಲ ಗ್ರಾಹಕ ದುಡ್ಡು ಕೊಡುವ ಹಂತಕ್ಕೆ ಬರುವವರೆಗೆ ಕಾಯುವುದರಿಂದ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ.

ಈ ಹಂತದಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು ನೆಂಟರ ದುಡ್ಡು. ಸೋದರಮಾವ ಐದು ಲಕ್ಷ ಕಂಪನಿಯ ಕರೆಂಟ್ ಖಾತೆಗೆ ಹಾಕುತ್ತಾರೆ, ‘ಷೇರಿನ ಮಾತು ಆಮೇಲೆ ನೋಡೋಣ’ ಎಂದು. ಅದು ಸಾಲವೇ, ಷೇರು ಹಣವೇ? ನಿರ್ದೇಶಕರ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿಯರಿಂದ, ಇದು ಸಾಲ ಮಾಡಿ ತಂದ ಹಣವಲ್ಲ ಎಂದು ಬರೆಸಿಕೊಂಡು ಪ್ರೈವೇಟ್ ಕಂಪನಿ ಸಾಲ ಪಡೆಯಬಹುದು. ಕಂಪನಿ ಕಾಯ್ದೆಯ ಆ ‘ಸಂಬಂಧಿ’ ಪಟ್ಟಿಯಲ್ಲಿ ಸೋದರಮಾವ, ಚಿಕ್ಕಪ್ಪ ಇಲ್ಲ. ಅವರಿಂದ ಷೇರು ಹಣವಾಗಿಯೇ ಪಡೆಯಬೇಕೆಂದರೆ ದಾರಿ ಉದ್ದ: ನೋಂದಾಯಿತ ಮೌಲ್ಯಮಾಪಕರ ವರದಿ, ಷೇರುದಾರರ ವಿಶೇಷ ನಿರ್ಣಯ, ಹೆಸರು ನಮೂದಿಸಿದ ಆಫರ್ ಪತ್ರ, ಅವರದೇ ಬ್ಯಾಂಕ್ ಖಾತೆಯಿಂದ ಕಂಪನಿಯ ಪ್ರತ್ಯೇಕ ಖಾತೆಗೆ ಹಣ, 60 ದಿನದೊಳಗೆ ಷೇರು ಹಂಚಿಕೆ, ಹಂಚಿದ 15 ದಿನದೊಳಗೆ ಹಂಚಿಕೆಯ ವಿವರ ಕೊಡುವ ಪಾಸ್–3 ನಮೂನೆ. ಆ ನಮೂನೆ ಸಲ್ಲಿಸುವವರೆಗೆ ಹಣ ಮುಟ್ಟುವಂತಿಲ್ಲ. 60 ದಿನ ದಾಟಿದರೆ 15 ದಿನದಲ್ಲಿ ಹಿಂದಿರುಗಿಸಬೇಕು, ಇಲ್ಲವಾದರೆ ಶೇ 12 ಬಡ್ಡಿ. ಮಾವ ಕೇಳದಿರಬಹುದು, ಎರಡು ವರ್ಷದ ಮೇಲೆ ಬರುವ ಹೂಡಿಕೆದಾರರ ಸಿಎ ಕೇಳುತ್ತಾರೆ.

ಪುಸ್ತಕದಲ್ಲಿ ಲಾಭ, ಬ್ಯಾಂಕಿನಲ್ಲಿ ಬರಿದು

ಸೇವಾ ಕಂಪನಿಯೊಂದರ ಲೆಕ್ಕ ನೋಡೋಣ. ತಂಡದ ತಿಂಗಳ ಸಂಬಳ 3 ಲಕ್ಷ. ಜನವರಿಯಿಂದ ಮಾರ್ಚ್‌ವರೆಗೆ ದುಡಿದು ಮಾರ್ಚ್ 31ಕ್ಕೆ ಬೆಂಗಳೂರಿನ ಗ್ರಾಹಕರೊಬ್ಬರಿಗೆ 10 ಲಕ್ಷದ ಬಿಲ್ ಕಳಿಸಿದರು. ಶೇ 18 ಜಿಎಸ್‌ಟಿ ಸೇರಿ 11.8 ಲಕ್ಷ. ಗ್ರಾಹಕರು ಕೊಡುವುದು 90 ದಿನಕ್ಕೆ.

ತಿಂಗಳ ಜಿಎಸ್‌ಟಿ ಲೆಕ್ಕ ಮುಂದಿನ ತಿಂಗಳ 20ಕ್ಕೆ ಸಲ್ಲಬೇಕು, ಗ್ರಾಹಕರು ಕೊಟ್ಟಿರಲಿ ಬಿಡಲಿ. ಸಂಬಳಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ ಕಳೆಯಲು ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿ) ಅಷ್ಟಾಗಿ ಸಿಗದು. ಹೀಗಾಗಿ ಏಪ್ರಿಲ್ 20ಕ್ಕೆ 1.8 ಲಕ್ಷ ಹೋಯಿತು. ಮೊದಲ ಮೂರು ತಿಂಗಳ ಸಂಬಳ 9 ಲಕ್ಷ ಆಗಲೇ ಹೋಗಿದೆ, ಜೂನ್ ಕೊನೆಯವರೆಗೆ ಇನ್ನೂ 9 ಲಕ್ಷ ಹೋಗುತ್ತದೆ. 10 ಲಕ್ಷದ ಬಿಲ್ ಕೈಸೇರುವ ಹೊತ್ತಿಗೆ ಕೈಬಿಟ್ಟ ಹಣ 19.8 ಲಕ್ಷ. ಬರುವುದಾದರೂ ಪೂರ್ತಿ ಬಾರದು: ಗ್ರಾಹಕರು ಶೇ 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಮುರಿದುಕೊಂಡರೆ ಬರುವುದು 10.8 ಲಕ್ಷ. ಮುರಿದ 1 ಲಕ್ಷ ಬೇಕೆಂದರೆ ವರ್ಷದ ರಿಟರ್ನ್ ಸಲ್ಲಿಸಿ ರೀಫಂಡ್‌ಗೆ ಕಾಯಬೇಕು. ಆ ಕೆಲಸದ ಲಾಭ ಇದ್ದದ್ದೇ 1 ಲಕ್ಷ.

ಕೆಲಸ ಹೆಚ್ಚಾದಂತೆ ಈ ಅಂತರವೂ ಹೆಚ್ಚುತ್ತದೆ. ಆರ್ಡರ್ ತುಂಬಿ ತುಳುಕುತ್ತಿರುವಾಗಲೇ ಕಂಪನಿಗಳು ಮುಗ್ಗರಿಸುವುದು ಇದರಿಂದ. ಬಿಡಿಸಿಕೊಳ್ಳಲು ನಾಲ್ಕಾರು ದಾರಿಗಳಿವೆ. ಶೇ 30–40 ಮುಂಗಡ, ತಿಂಗಳು ತಿಂಗಳಿನ ಬಿಲ್. ಸರ್ಕಾರದ ‘ಉದ್ಯಮ್’ ಪಟ್ಟಿಯಲ್ಲಿ ನೋಂದಣಿ ಮಾಡಿಸಿಕೊಂಡ ಕಿರು, ಸಣ್ಣ ಉದ್ದಿಮೆಗೆ ಗ್ರಾಹಕರು 45 ದಿನದೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಆ ವರ್ಷ ಆ ಖರ್ಚನ್ನು ಅವರು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ. ನಿಯಮದ ಉದ್ದೇಶ ಒಳ್ಳೆಯದು, ಆದರೆ ಇದೇ ಕಾರಣಕ್ಕೆ ಸಣ್ಣವರನ್ನು ಬಿಟ್ಟು ಮಧ್ಯಮ ಗಾತ್ರದವರಿಗೆ ಕೆಲಸ ಕೊಡುವ ಗ್ರಾಹಕರೂ ಇದ್ದಾರೆ. ವಿದೇಶಿ ಗ್ರಾಹಕರಾದರೆ ಮುಚ್ಚಳಿಕೆ ಪತ್ರ ಸಲ್ಲಿಸಿ ಜಿಎಸ್‌ಟಿ ಇಲ್ಲದೆಯೇ ರಫ್ತು ಮಾಡಬಹುದು, ಟಿಡಿಎಸ್ ಕಾಟವೂ ಸಾಮಾನ್ಯವಾಗಿ ಇರುವುದಿಲ್ಲ. ಚೆನ್ನೈ, ಬೆಂಗಳೂರಿನ ಸಣ್ಣ ತಂತ್ರಾಂಶ ಕಂಪನಿಗಳು ಪಕ್ಕದ ಊರನ್ನು ಬಿಟ್ಟು ಅಮೆರಿಕದತ್ತ ನೋಡುವುದಕ್ಕೆ ಡಾಲರ್ ಒಂದೇ ಕಾರಣವಲ್ಲ.

ನೂರಾರು ಕೋಟಿಗೆ ಮಾರಾಟ, ಸ್ಥಾಪಕರಿಗೆ ಸೊನ್ನೆ

ಇಬ್ಬರು ಗೆಳೆಯರು ಅರ್ಧರ್ಧ ಪಾಲಿನಲ್ಲಿ ಶುರುಮಾಡುತ್ತಾರೆ ಎಂದುಕೊಳ್ಳಿ. ನೌಕರರ ಷೇರಿಗೆ ಶೇ 10 ತೆಗೆದಿಟ್ಟರೆ ತಲಾ 45. ಮೊದಲ ಸುತ್ತಿನ ಹೂಡಿಕೆದಾರರಿಗೆ ಶೇ 20 ಕೊಟ್ಟರೆ 36. ಎರಡನೇ ಸುತ್ತಿನಲ್ಲಿ ಮತ್ತೆ 20, ಆಗ 28.8. ಮೂರರಲ್ಲಿ 15, ನಾಲ್ಕರಲ್ಲಿ 10. ಕೊನೆಗೆ ಒಬ್ಬೊಬ್ಬರ ಬಳಿ ಶೇ 22. ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ.

ಲೆಕ್ಕ ಹಾಕದಿರುವುದು ಹೂಡಿಕೆದಾರರ ಷೇರು ಬೇರೆ ಜಾತಿಯದು ಎಂಬುದನ್ನು. ಅವರು ಪಡೆಯುವುದು ಮುಂದೆ ಸಾಮಾನ್ಯ ಷೇರಾಗಿ ಕಡ್ಡಾಯವಾಗಿ ಪರಿವರ್ತಿಸಬೇಕಾದ ಆದ್ಯತಾ ಷೇರು. ಕಂಪನಿ ಮಾರಾಟವಾದರೆ ಹಾಕಿದ ಹಣವನ್ನು ಮೊದಲು ಎತ್ತಿಕೊಳ್ಳುವ ಹಕ್ಕು ಅದಕ್ಕಿದೆ. ಒಟ್ಟು 100 ಕೋಟಿ ಹಾಕಿ ಶೇ 60 ಪಾಲು ಪಡೆದ ಹೂಡಿಕೆದಾರರಿದ್ದಾರೆ, ಕಂಪನಿ 120 ಕೋಟಿಗೆ ಹೋಯಿತು ಎನ್ನಿ. ಪಾಲಿನ ಲೆಕ್ಕದಲ್ಲಿ ಅವರಿಗೆ 72 ಕೋಟಿ, ಆದ್ಯತೆಯ ಲೆಕ್ಕದಲ್ಲಿ 100 ಕೋಟಿ. ಹೆಚ್ಚಿನದನ್ನೇ ಆರಿಸುತ್ತಾರೆ. ಸ್ಥಾಪಕರು, ನೌಕರರು ಎಲ್ಲರಿಗೂ ಸೇರಿ ಉಳಿಯುವುದು 20 ಕೋಟಿ. ಮಾರಾಟ 90 ಕೋಟಿಗಾದರೆ ಏನೂ ಉಳಿಯದು. ಸುಮಾರು 167 ಕೋಟಿ ದಾಟಿದ ಮೇಲಷ್ಟೇ ಶೇಕಡಾವಾರು ಪಾಲಿಗೆ ಅರ್ಥ. ಒಪ್ಪಂದದಲ್ಲಿ ‘ಪಾರ್ಟಿಸಿಪೇಟಿಂಗ್’ ಎಂಬ ಒಂದು ಪದ ಸೇರಿದ್ದರೆ ಇನ್ನೂ ಕಷ್ಟ: 100 ಕೋಟಿ ಎತ್ತಿಕೊಂಡ ಮೇಲೆ ಉಳಿದ 20ರಲ್ಲೂ ಶೇ 60 ಅವರಿಗೇ, ಸ್ಥಾಪಕರ ಕಡೆಗೆ ಬರೀ 8 ಕೋಟಿ.

ಇದು ಕಾಗದದ ಭಯವಲ್ಲ. ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಹುಟ್ಟಿದ ಫ್ಯಾಂಟಸಿ ಕ್ರೀಡೆಯ ಕಂಪನಿ ಫ್ಯಾನ್‌ಡ್ಯುಯಲ್ ಅನ್ನು 2018ರಲ್ಲಿ ಬೆಟ್ಟಿಂಗ್ ಕಂಪನಿ ಪ್ಯಾಡಿ ಪವರ್ ಬೆಟ್‌ಫೇರ್ ಕೊಂಡಾಗ ಕಂಪನಿಯ ಮೌಲ್ಯವನ್ನು 46.5 ಕೋಟಿ ಡಾಲರ್ ಎಂದು ನಿರ್ಧರಿಸಲಾಯಿತು. ಹೂಡಿಕೆದಾರರ ಆದ್ಯತೆಯ ಮೊತ್ತವೇ 55.9 ಕೋಟಿ ಡಾಲರ್ ಇತ್ತು. ಸ್ಥಾಪಕರಿಗೆ ಸಿಕ್ಕಿದ್ದು ಸೊನ್ನೆ, ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಹೆಚ್ಚು ಬಂಡವಾಳ ಎತ್ತಿದ್ದನ್ನು ಗೆಲುವು ಎಂದು ಸಂಭ್ರಮಿಸುವ ಸುದ್ದಿಗಳನ್ನು ಓದುವಾಗ ಈ ಅಂಕಿ ನೆನಪಿರಲಿ. ಎತ್ತಿದ ಪ್ರತಿ ಕೋಟಿಯೂ ಸ್ಥಾಪಕರು ದಾಟಬೇಕಾದ ಗೋಡೆಯನ್ನು ಒಂದು ಕೋಟಿ ಎತ್ತರಿಸುತ್ತದೆ.

ಗೆಳೆಯರ ನಡುವಿನ ಪಾಲೂ ಇಷ್ಟೇ ಅಪಾಯಕಾರಿ. ಅರ್ಧ ಪಾಲಿನವರು ಎಂಟು ತಿಂಗಳಿಗೆ ಎಂ.ಎಸ್. ಮಾಡಲು ಜರ್ಮನಿಗೆ ಹೊರಟರೆ ಆ ಅರ್ಧ ಅವರ ಜೊತೆಗೇ ಹೋಗುತ್ತದೆ. ಯಾವ ಹೂಡಿಕೆದಾರರೂ ಅಂಥ ಕಂಪನಿಗೆ ಹಣ ಹಾಕರು. ಇದಕ್ಕೇ ನಾಲ್ಕು ವರ್ಷದ ವೆಸ್ಟಿಂಗ್ (ದುಡಿದಂತೆ ಪಾಲು ಸ್ವಲ್ಪ ಸ್ವಲ್ಪವಾಗಿ ಸ್ವಂತವಾಗುವುದು), ಮೊದಲ ವರ್ಷ ಮುಗಿಯದಿದ್ದರೆ ಏನೂ ಇಲ್ಲ ಎಂಬ ಷರತ್ತು. ಹದಿನೆಂಟನೇ ತಿಂಗಳಿಗೆ ಬಿಟ್ಟವರಿಗೆ 48ರಲ್ಲಿ 18 ಭಾಗ, ಅಂದರೆ 50ರ ಬದಲು 18.75. ಷೇರಿಗೆ ಇನ್ನೂ ಬೆಲೆ ಬಾರದ ಮೊದಲ ವಾರದಲ್ಲೇ ಇದನ್ನು ಬರೆದುಕೊಳ್ಳಬೇಕು. ಬೆಲೆ ಬಂದ ಮೇಲೆ ಕಡಿಮೆ ದರಕ್ಕೆ ವರ್ಗಾಯಿಸಿಕೊಂಡರೆ ಪಡೆದವರಿಗೆ ತೆರಿಗೆ ಬೀಳುತ್ತದೆ.

ನೌಕರರಾಗಿ ಸೇರುವವರಿಗೆ ಸಿಗುವ ಇಸಾಪ್ (ಮೊದಲೇ ಗೊತ್ತುಮಾಡಿದ ದರಕ್ಕೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಬಗ್ಗೆಯೂ ಒಂದು ಮಾತು. 10 ರೂಪಾಯಿಗೆ ಕೊಳ್ಳುವ ಹಕ್ಕಿರುವ ಸಾವಿರ ಷೇರಿನ ಮೌಲ್ಯ ತಲಾ 510 ಆಗಿದ್ದಾಗ ಕೊಂಡರೆ, 5 ಲಕ್ಷ ಸಂಬಳವೆಂದೇ ಲೆಕ್ಕ. ಶೇ 30ರ ಹಂತದವರಿಗೆ ಸೆಸ್ ಸೇರಿ 1.56 ಲಕ್ಷ ತೆರಿಗೆ, ಅದೂ ಒಂದು ಷೇರನ್ನೂ ಮಾರುವ ಮುನ್ನ. ಚೆನ್ನೈನಲ್ಲಿ ಹುಟ್ಟಿದ ತಂತ್ರಾಂಶ ಕಂಪನಿ ಫ್ರೆಶ್‌ವರ್ಕ್ಸ್ 2021ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಹೋದಾಗ 500ಕ್ಕೂ ಹೆಚ್ಚು ನೌಕರರು ಕೋಟ್ಯಧೀಶರಾದದ್ದು ನಿಜ, ಅಲ್ಲಿ ಕೊಳ್ಳುವವರಿದ್ದ ಮಾರುಕಟ್ಟೆಯಿತ್ತು. ಷೇರುಪೇಟೆಗೆ ಬಾರದ ಕಂಪನಿಯ ಷೇರಿಗೆ ಅದಿಲ್ಲ.

ಸರ್ಕಾರದ ನೆರವು ಎಲ್ಲಿ ಮುಟ್ಟುತ್ತದೆ?

2012ರಲ್ಲಿ ಬಂದ ‘ಏಂಜೆಲ್ ತೆರಿಗೆ’ಯನ್ನು 2024ರ ಜುಲೈ ಬಜೆಟ್ ರದ್ದು ಮಾಡಿತು. ನ್ಯಾಯಯುತ ಬೆಲೆಗಿಂತ ಹೆಚ್ಚಿಗೆ ಷೇರು ಮಾರಿದರೆ ಆ ಹೆಚ್ಚುವರಿಯನ್ನು ಕಂಪನಿಯ ಆದಾಯವೆಂದು ಪರಿಗಣಿಸುವ ವಿಚಿತ್ರ ನಿಯಮವದು. ಹೋದದ್ದು ಒಳ್ಳೆಯದೇ, ಆದರೆ ಮೌಲ್ಯಮಾಪನ ವರದಿಯ ಅಗತ್ಯ ಕಂಪನಿ ಕಾಯ್ದೆಯಲ್ಲಿ ಹಾಗೇ ಇದೆ. ಮೊದಲ ಹತ್ತು ವರ್ಷದಲ್ಲಿ ಮೂರು ವರ್ಷ ಲಾಭಕ್ಕೆ ತೆರಿಗೆ ರಜೆ ಎಂಬ ಕೇಂದ್ರದ ಕೊಡುಗೆ, ಲಾಭವೇ ಕಾಣದ ಕಂಪನಿಗೆ ಬರೀ ಬಾಯುಪಚಾರ. ಕರ್ನಾಟಕದ ಎಲಿವೇಟ್ ಯೋಜನೆ ಇದಕ್ಕಿಂತ ನೇರ: ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನ, ಪಾಲು ಕೇಳುವುದಿಲ್ಲ.

ಬೆಂಗಳೂರಿನ ಹೊರಗೆ 10 ಸಾವಿರ ಎಂಬ ಗುರಿಯ ಬಗ್ಗೆ ಅನುಮಾನಕ್ಕೆ ಜಾಗವಿದೆ. ಹುಬ್ಬಳ್ಳಿ, ಮೈಸೂರು, ಮಂಗಳೂರಿನಲ್ಲಿ ಬಾಡಿಗೆ ಕಡಿಮೆ, ಜನ ಕೆಲಸ ಬಿಟ್ಟು ಹೋಗುವುದೂ ಕಡಿಮೆ. ಆದರೆ ಅನುದಾನ ಸಿಕ್ಕ ಕಂಪನಿಗೆ ಬೇಕಾದದ್ದು ಮೊದಲ ಹತ್ತು ಗ್ರಾಹಕರು. ಸರ್ಕಾರದ ಇಲಾಖೆಗಳೇ ಸಣ್ಣ ಕಂಪನಿಗಳಿಂದ ಕೊಂಡು, ಸಮಯಕ್ಕೆ ಸರಿಯಾಗಿ ಬಿಲ್ ಪಾವತಿಸಿದರೆ 50 ಲಕ್ಷದ ಅನುದಾನಕ್ಕಿಂತ ಹೆಚ್ಚು ಉಪಕಾರವಾದೀತು.

ಮುಂದೆ ಏನಾಗಬಹುದು?

ಎಐನಿಂದ ಕೋಡ್ ಬರೆಯುವ ಖರ್ಚು ಇಳಿದಿದೆ. ಇದರ ನೇರ ಪರಿಣಾಮ, ತಲೆಯೆಣಿಕೆಯ ಮೇಲೆ ಬಿಲ್ ಮಾಡುವ ಸೇವಾ ಮಾದರಿಗೆ ಪೆಟ್ಟು. ‘ಹತ್ತು ಜನ, ಆರು ತಿಂಗಳು’ ಎಂದು ದರ ಹೇಳಿದರೆ ಗ್ರಾಹಕರು ಈಗ ಅರ್ಧಕ್ಕೆ ಕೇಳುತ್ತಾರೆ. ಕಾಲೇಜಿನಿಂದ ಸಾವಿರಗಟ್ಟಲೆ ಜನರನ್ನು ತೆಗೆದುಕೊಂಡು ತರಬೇತಿ ಕೊಡುವ ಪದ್ಧತಿ ನಿಂತಿದ್ದೇ ಆ ಲೆಕ್ಕದ ಮೇಲೆ, ಹಾಗಾಗಿ ಆರಂಭದ ಹಂತದ ನೌಕರಿಗಳೇ ಮೊದಲು ತೆಳುವಾಗುತ್ತವೆ. ಸ್ವಂತ ಕಂಪನಿ ಮಾಡುವವರಿಗೆ ಇದರಿಂದ ಉತ್ಪನ್ನದ ಮೊದಲ ಆವೃತ್ತಿ ಅಗ್ಗವಾಗುತ್ತದೆ, ಆದರೆ ಎದುರಾಳಿಗೂ ಅಷ್ಟೇ ಅಗ್ಗ. ಗ್ರಾಹಕರ ವ್ಯವಹಾರದ ಒಳಸುಳಿ, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಎತ್ತುವ ಜನ, ಬಿಲ್ ವಸೂಲಿ ಇವು ಅಗ್ಗವಾಗಿಲ್ಲ. ಮೇಲೆ ಹೇಳಿದ ನಾಲ್ಕು ವರ್ಷದ ಅನುಭವದ ಬೆಲೆ ಏರುವ ಹೊತ್ತಿಗೆ ಆ ಅನುಭವ ಕೊಡುವ ನೌಕರಿಗಳು ಕಡಿಮೆಯಾಗುತ್ತಿರುವುದು ಈ ಹೊತ್ತಿನ ನಿಜವಾದ ತೊಡಕು. ಸ್ಟಾರ್ಟ್‌ಅಪ್ ನೀತಿಗಳಲ್ಲಿ ಇದಕ್ಕೆ ಉತ್ತರ ಕಾಣುವುದಿಲ್ಲ.

ಮುಚ್ಚಬೇಕಾಗಿ ಬಂದರೆ

ಶುರುಮಾಡುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಮುಚ್ಚುವವರೇ, ಹಾಗಾಗಿ ಮುಚ್ಚುವ ಕ್ರಮವೂ ಗೊತ್ತಿರಬೇಕು. ಹಣ ಮುಗಿಯುತ್ತಿದೆ ಎಂದು ಗೊತ್ತಾದಾಗ ಮೊದಲು ಕಟ್ಟಬೇಕಾದದ್ದು ನೌಕರರಿಂದ ಮುರಿದ ಪಿಎಫ್, ಟಿಡಿಎಸ್ ಮತ್ತು ಗ್ರಾಹಕರಿಂದ ವಸೂಲಾದ ಜಿಎಸ್‌ಟಿ. ‘ಲಿಮಿಟೆಡ್’ ಎಂಬ ರಕ್ಷಣೆ ಇವಕ್ಕೆ ಪೂರ್ತಿ ಅನ್ವಯಿಸದು. ಪ್ರೈವೇಟ್ ಕಂಪನಿಯ ತೆರಿಗೆ ಬಾಕಿ ನಿರ್ದೇಶಕರ ಕೊರಳಿಗೇ ಬರಬಹುದು. ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಜಾಮೀನು ಸಹಿ ಮಾಡಿದ್ದರೆ ಅದೂ ಅಷ್ಟೇ.

ಆಮೇಲೆ ಬಾಕಿಗಳನ್ನೆಲ್ಲ ತೀರಿಸಿ, ಬ್ಯಾಂಕ್ ಖಾತೆ ಮುಚ್ಚಿ, ಬಿಟ್ಟುಹೋದ ವಾರ್ಷಿಕ ನಮೂನೆಗಳನ್ನು ದಂಡ ಸಮೇತ ಸಲ್ಲಿಸಿ, ಕಂಪನಿಯ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಲು ಕೋರುವ ಎಸ್‌ಟಿಕೆ–2 ಅರ್ಜಿಯನ್ನು 10 ಸಾವಿರ ರೂಪಾಯಿ ಶುಲ್ಕದೊಂದಿಗೆ ಹಾಕಬೇಕು. ಜೊತೆಗೆ ನಿರ್ದೇಶಕರ ನಷ್ಟಭರ್ತಿ ಮುಚ್ಚಳಿಕೆ, ಪ್ರಮಾಣಪತ್ರ, ಸಿಎ ಸಹಿ ಮಾಡಿದ 30 ದಿನದೊಳಗಿನ ಲೆಕ್ಕಪತ್ರ. 2023ರಿಂದ ಈ ಅರ್ಜಿಗಳನ್ನು ದೇಶಕ್ಕೆಲ್ಲ ಒಂದೇ ಕೇಂದ್ರ ನೋಡುತ್ತಿರುವುದರಿಂದ ಮೊದಲಿಗಿಂತ ಬೇಗ ಮುಗಿಯುತ್ತದೆ. ಈ ಖರ್ಚು ಯಾಕೆ ಎಂದು ಕಂಪನಿಯನ್ನು ಹಾಗೇ ಬಿಟ್ಟು ನೌಕರಿಗೆ ಸೇರುವವರು ಬಹಳ. ಸತತ ಮೂರು ವರ್ಷ ಲೆಕ್ಕಪತ್ರವನ್ನೋ ವಾರ್ಷಿಕ ವರದಿಯನ್ನೋ ಸಲ್ಲಿಸದ ಕಂಪನಿಯ ನಿರ್ದೇಶಕರು ಮುಂದಿನ ಐದು ವರ್ಷ ಹೊಸ ಕಂಪನಿಗೆ ನಿರ್ದೇಶಕರಾಗುವಂತಿಲ್ಲ. ಇಪ್ಪತ್ತನಾಲ್ಕಕ್ಕೆ ಹೀಗೆ ಕೈಬಿಟ್ಟು ಹೋದವರಿಗೆ, ಅನುಭವ ಪಡೆದು, ಗ್ರಾಹಕರನ್ನೂ ಹುಡುಕಿಕೊಂಡು ಎರಡನೇ ಕಂಪನಿಗೆ ಕೈಹಾಕುವ ಹೊತ್ತಿನಲ್ಲೇ ಆ ನಿಷೇಧ ಎದುರಾಗುತ್ತದೆ.